ಕೆರೆಯಲ್ಲಿ ಬಲೆಗೆ ಬಿದ್ದ ಈ ಕಪ್ಪು ಮುಳ್ಳುಮೀನು ಯಾವುದು? ಏರಿಗೆ ಅಪಾಯ ಇದೆಯಾ?

ಏರಿ ಕಾಯೋನು (ಪಾಂಡವಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆಯ ಮೀನು ಗುತ್ತಿಗೆ ಹಿಡಿದು ನನಗೆ ಇದು ಮೂರನೇ ವರ್ಷ. ಕಾಟ್ಲಾ, ರೋಹು ಮರಿ ಬಿಟ್ಟಿದ್ದೇನೆ. ಜಿಲೇಬಿ ಮೀನನ್ನು (ತಿಲಾಪಿಯಾ) ಯಾರೂ ಬಿಡಬೇಕಾಗಿಲ್ಲ, ಅದು ತಾನಾಗೇ ಇರುತ್ತದೆ. ಕೆಆರ್‌ಎಸ್ ಅಣೆಕಟ್ಟಿನ ವಿಸಿ ನಾಲೆಯಲ್ಲಿ ನೀರು ಬಿಟ್ಟರೆ ಕೆರೆ ತುಂಬುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ.

ಹೋದ ಗುರುವಾರ ಬೀಸುಬಲೆ ಎಳೆದೆ. ಒಳ್ಳೆ ಭಾರ ಇತ್ತು. ಖುಷಿಯಿಂದ ದಡಕ್ಕೆ ತಂದು ನೋಡಿದರೆ ಕಪ್ಪಗೆ, ಒರಟಾಗಿ, ಮೊಣಕೈ ಉದ್ದದ ಒಂದು ಮೀನು. ಮೈಮೇಲೆ ಹುರುಪೆ ಇಲ್ಲ. ಬದಲಿಗೆ ಹೆಂಚು ಜೋಡಿಸಿದ ಹಾಗೆ ಮೂಳೆಯ ಚಿಪ್ಪು. ಬೆನ್ನಿನ ರೆಕ್ಕೆ ಬಿಚ್ಚಿದರೆ ಬೀಸಣಿಗೆಯಷ್ಟು ದೊಡ್ಡದು. ಬಾಯಿ ಮುಂದಕ್ಕಿಲ್ಲ, ತಲೆಯ ಅಡಿಗಿದೆ, ಬಟ್ಟಲಿನ ಹಾಗೆ. ಬಲೆಯಿಂದ ಬಿಡಿಸಲು ಹೋದರೆ ಮುಳ್ಳುಗಳನ್ನು ಅಗಲಿಸಿ ನಿಂತುಬಿಟ್ಟಿತು. ಕೊನೆಗೆ ಬಲೆಯನ್ನೇ ಕತ್ತರಿಸಬೇಕಾಯಿತು. ಕೈಗೆ ಹಿಡಿದಾಗ ಕೊರ್ ಕೊರ್ ಅಂತ ಸದ್ದು ಬೇರೆ.

ಬೆಳಿಗ್ಗೆ ಏಳಕ್ಕೆ ಹಿಡಿದದ್ದು. ಖಾಲಿ ಬಕೆಟ್ಟಿಗೆ ಹಾಕಿ ಮೇಲೆ ಒದ್ದೆ ಗೋಣಿ ಮುಚ್ಚಿ ಮರೆತುಬಿಟ್ಟೆ. ಸಂಜೆ ನೋಡಿದರೆ ಇನ್ನೂ ಬದುಕಿದೆ! ನಮ್ಮಮ್ಮ ನೋಡಿ "ಇದು ಮೀನಲ್ಲ ಕಣಪ್ಪ, ಏನೋ ಗಾಳಿ. ಹೊರಗೆ ಇಡು" ಅಂದರು.

ನನ್ನ ಪ್ರಶ್ನೆ ಇಷ್ಟು. ಇದು ಯಾವ ಮೀನು? ಎಲ್ಲಿಂದ ಬಂತು? ವಿಷ ಇದೆಯಾ? ಇನ್ನೊಂದು ಮುಖ್ಯ ವಿಷಯ. ನೀರು ಇಳಿದಿರುವ ಕಡೆ ಏರಿಯ ಒಳಮಗ್ಗುಲಲ್ಲಿ ತೂತುಗಳು ಕಾಣುತ್ತಿವೆ. ಏಡಿ ಬಿಲ ಅಂದುಕೊಂಡಿದ್ದೆ. ಆದರೆ ಇವು ಕೈ ಹೋಗುವಷ್ಟು ದೊಡ್ಡವು. ಇದರದ್ದೇ ಕೆಲಸವಾ?

ನೈಟ್ ಶಿಫ್ಟ್

ಅಣ್ಣ, ರಾತ್ರಿ ಹೊತ್ತು ಒಬ್ಬರೇ ಕೆರೆ ಕಡೆ ಹೋಗಬೇಡಿ. ಇವತ್ತು ಮೀನು, ನಾಳೆ ಡೈನೋಸಾರ್.

ಹಳೇ ಗಾಜಿನ ತೊಟ್ಟಿ (ಮೈಸೂರು)

ತಮ್ಮಾ, ನೀವು ಬರೆದದ್ದು ಓದುತ್ತಾ ಅರ್ಧಕ್ಕೇ ನನಗೆ ಗೊತ್ತಾಯಿತು. ಫೋಟೊ ಬೇಕಾಗಿಲ್ಲ. ಇದನ್ನು ನಾನು ಹದಿನೆಂಟು ವರ್ಷ ಮಾರಿದ್ದೇನೆ.

ಮೈಸೂರಿನಲ್ಲಿ ನನ್ನದೊಂದು ಸಣ್ಣ ಅಕ್ವೇರಿಯಂ ಅಂಗಡಿ ಇತ್ತು. ಈಗ ಮುಚ್ಚಿದ್ದೇನೆ. ಮೀನೆಲ್ಲ ಹೆಚ್ಚಾಗಿ ಚೆನ್ನೈನ ಕೊಳತ್ತೂರಿನಿಂದ ಬರುತ್ತಿತ್ತು, ರಾತ್ರಿ ಬಸ್ಸಿನಲ್ಲಿ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ಅದರಲ್ಲಿ ಈ ಮೀನಿನ ಮರಿ ಎರಡು ಇಂಚು ಇರುತ್ತಿತ್ತು. ನಾವು ಕರೆಯುತ್ತಿದ್ದದ್ದು ಸಕ್ಕರ್ ಅಂತ. ಗಿರಾಕಿಗೆ ಹೇಳುತ್ತಿದ್ದದ್ದು "ಟ್ಯಾಂಕ್ ಕ್ಲೀನರ್" ಅಂತ. "ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತೆ ಸಾರ್, ನೀವು ತೊಳೆಯೋ ಕೆಲಸವೇ ಇಲ್ಲ." ಮೂವತ್ತು ರೂಪಾಯಿ ಮೀನಿಗೆ ಇಷ್ಟು ಸುಳ್ಳು ಸಾಕಾಗುತ್ತಿತ್ತು. ಪಾಚಿ ತಿನ್ನುವುದು ನಿಜ. ಆದರೆ ತಿಂದಷ್ಟೂ ಹೊರಗೆ ಹಾಕುತ್ತದೆ. ಅದರ ಕರುಳು ಸುರುಳಿ ಸುತ್ತಿಕೊಂಡು ಮೈಯಿಗಿಂತ ಎಷ್ಟೋ ಪಟ್ಟು ಉದ್ದ ಇರುತ್ತದೆ. ಅದು ಇರುವ ತೊಟ್ಟಿಯ ತಳ ನೋಡಿದವರಿಗೆ ಕ್ಲೀನರ್ ಅನ್ನುವ ಮಾತು ನಗು ಬರಿಸುತ್ತದೆ.

ಇದರ ಊರು ದಕ್ಷಿಣ ಅಮೆರಿಕ, ಅಮೆಜಾನ್ ನದಿಯ ಸೀಮೆ. ವಿಜ್ಞಾನದ ಹೆಸರು ಟೆರಿಗೊಪ್ಲಿಕ್ತಿಸ್. ನಾಲಿಗೆ ಹೊರಳದಿದ್ದರೆ ಪರವಾಗಿಲ್ಲ, ನನಗೂ ಹತ್ತು ವರ್ಷ ಹೊರಳಿರಲಿಲ್ಲ. ಚಿಪ್ಪು ಹೊತ್ತ ಕ್ಯಾಟ್‌ಫಿಶ್‌ಗಳ ಲೊರಿಕಾರಿಡೀ ಅನ್ನುವ ದೊಡ್ಡ ಕುಟುಂಬ ಇದೆ, ಇದು ಅದಕ್ಕೆ ಸೇರಿದ್ದು. ಲೊರಿಕಾ ಅಂದರೆ ಲ್ಯಾಟಿನ್‌ನಲ್ಲಿ ಎದೆಗವಚ. ಈ ಜಾತಿಯ ಮೀನನ್ನು ಮೊದಲು ನೋಡಿದ ಯುರೋಪಿನ ಪಂಡಿತರಿಗೂ ನಿಮ್ಮಮ್ಮನಿಗೆ ಆದ ಹಾಗೇ ಗಲಿಬಿಲಿ ಆಗಿತ್ತು. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಈ ಕುಟುಂಬದ ಒಂದು ಮೀನಿಗೆ ಹೆಸರಿಟ್ಟಾಗ, ಮೈಮೇಲಿನ ಮೂಳೆ ಚಿಪ್ಪು ನೋಡಿ ಅದನ್ನು ಅಂಥದೇ ಚಿಪ್ಪಿರುವ ಸ್ಟರ್ಜನ್ ಮೀನುಗಳ ಗುಂಪಿಗೆ ಸೇರಿಸಿಬಿಟ್ಟಿದ್ದ.

ಈಗ ಅದರ ಊರಿನ ವಿಷಯ ಹೇಳುತ್ತೇನೆ. ಅದು ಗೊತ್ತಾದರೆ ಬಕೆಟ್ಟಿನಲ್ಲಿ ಸಂಜೆವರೆಗೆ ಯಾಕೆ ಬದುಕಿತ್ತು ಅನ್ನುವುದೂ ಗೊತ್ತಾಗುತ್ತದೆ.

ಮಂಡ್ಯದವರು ಬೆಳಿಗ್ಗೆ ಎದ್ದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುತ್ತೀರಿ ಅಲ್ವಾ? ತುಂಬಿದರೆ 124.80 ಅಡಿ. ಅದು 91 ಅಡಿಗೆ ಇಳಿದರೆ ಊರಿಗೆ ಊರೇ ಮುಖ ಸಣ್ಣಗೆ ಮಾಡಿಕೊಳ್ಳುತ್ತದೆ. ಅಮೆಜಾನ್‌ನಲ್ಲಿ ಮನಾವ್ಸ್ ಅನ್ನುವ ಪಟ್ಟಣದ ಹತ್ತಿರ ನದಿ ಪ್ರತಿ ವರ್ಷ ಅಷ್ಟೇ ಏರಿ ಅಷ್ಟೇ ಇಳಿಯುತ್ತದೆ. ಸುಮಾರು 10 ಮೀಟರ್, ಅಂದರೆ ಮೂವತ್ತಕ್ಕೂ ಜಾಸ್ತಿ ಅಡಿ. ಅಣೆಕಟ್ಟು ಇಲ್ಲ, ಗೇಟು ಇಲ್ಲ, ಯಾರ ಆದೇಶವೂ ಇಲ್ಲ. ಜೂನ್ ಹೊತ್ತಿಗೆ ನೀರು ದಡ ಮೀರಿ ಕಾಡಿನೊಳಗೆ ಮೈಲಿಗಟ್ಟಲೆ ನುಗ್ಗುತ್ತದೆ. ಮರದ ಕೊಂಬೆಗಳ ನಡುವೆ ಮೀನು ಈಜುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಎಲ್ಲ ಇಳಿದು, ಅಲ್ಲಲ್ಲಿ ಬಿಟ್ಟುಹೋದ ಹೊಂಡಗಳಲ್ಲಿ ಮೀನು ಸಿಕ್ಕಿಬೀಳುತ್ತವೆ. ಆ ಹೊಂಡದ ನೀರು ಬೆಚ್ಚಗೆ, ಕೊಳೆತ ಎಲೆ ತುಂಬಿ, ಉಸಿರಾಟಕ್ಕೆ ಗಾಳಿಯೇ ಇಲ್ಲದ ಹಾಗೆ ಇರುತ್ತದೆ. ಬೇರೆ ಮೀನು ಬಾಯಿ ಬಿಡುವಾಗ ನಮ್ಮ ಸಕ್ಕರ್ ಮೇಲೆ ಬಂದು ಒಂದು ಗುಕ್ಕು ಗಾಳಿ ನುಂಗಿ ಕೆಳಗೆ ಹೋಗುತ್ತದೆ. ಅದರ ಹೊಟ್ಟೆಯ ಗೋಡೆಯಲ್ಲಿ ರಕ್ತನಾಳ ತುಂಬಿವೆ. ಹೊಟ್ಟೆಯೇ ಅದಕ್ಕೆ ಶ್ವಾಸಕೋಶ! ನಿಮ್ಮ ಒದ್ದೆ ಗೋಣಿ ಅದಕ್ಕೆ ಛತ್ರದಲ್ಲಿ ಉಳಿದುಕೊಂಡ ಹಾಗೆ.

ಚಿಪ್ಪು, ಮುಳ್ಳು ಯಾಕೆ? ಅಲ್ಲಿ ಕೈಮನ್ ಮೊಸಳೆ ಇದೆ, ಆಳೆತ್ತರದ ನೀರುನಾಯಿ ಇದೆ, ಹತ್ತಡಿ ಬೆಳೆಯುವ ಪಿರಾರುಕು ಮೀನಿದೆ. ಅವುಗಳ ನಡುವೆ ಬದುಕಬೇಕಾದರೆ ಮೈಮೇಲೆ ಹೆಂಚು ಹೊದ್ದುಕೊಳ್ಳಬೇಕು. ಹಿಡಿದವನ ಗಂಟಲಲ್ಲಿ ಮುಳ್ಳು ಅಗಲಿಸಿ ನಿಲ್ಲಬೇಕು. ನಿಮ್ಮ ಬಲೆಯಲ್ಲಿ ಮಾಡಿದ್ದೂ ಅದನ್ನೇ, ಬಲೆಯನ್ನು ಅದು ಮೊಸಳೆ ಅಂದುಕೊಂಡಿತು. ವಿಷ ಇಲ್ಲ. ನಮ್ಮ ಚೇಳು ಮೀನು ಚುಚ್ಚಿದ ಹಾಗೆ ಉರಿ ಏರುವುದಿಲ್ಲ. ಆದರೆ ಗಾಯ ಆಗುತ್ತದೆ, ಕೈ ಜೋಪಾನ. ಕೊರ್ ಕೊರ್ ಸದ್ದು ಪಕ್ಕದ ರೆಕ್ಕೆಯ ಮುಳ್ಳನ್ನು ಅದರ ಗೂಡಿನಲ್ಲಿ ಉಜ್ಜಿ ಮಾಡುವುದು.

ಇನ್ನು ನಿಮ್ಮ ಕೆರೆಗೆ ಹೇಗೆ ಬಂತು ಅನ್ನುವುದು. ನೇರವಾಗಿ ಹೇಳುತ್ತೇನೆ, ನನ್ನಂಥವರಿಂದ ಬಂತು.

ಎರಡು ಇಂಚಿನ ಮರಿ ಎರಡು ಮೂರು ವರ್ಷದಲ್ಲಿ ಒಂದು ಅಡಿ ದಾಟುತ್ತದೆ. ಅಲ್ಲಿಂದಲೂ ಬೆಳೆಯುತ್ತದೆ. ಗಿರಾಕಿ ಬರುತ್ತಾನೆ. "ಸಾರ್, ಇದು ಗೋಲ್ಡ್‌ಫಿಶ್ ಮೈ ಕೆರೆಯುತ್ತೆ, ರಾತ್ರಿ ದಡ್ ದಡ್ ಅಂತ ಗಾಜಿಗೆ ಬಡಿಯುತ್ತೆ, ವಾಪಸ್ ತಗೊಳ್ಳಿ." ನನ್ನ ಅಂಗಡಿಯಲ್ಲೂ ಜಾಗ ಇರಲಿಲ್ಲ. ಒಂದು ದಿನ ಕುವೆಂಪುನಗರದ ಕಡೆಯ ಒಬ್ಬ ಹುಡುಗ ಬಂದ. ಏಳನೇ ಕ್ಲಾಸೋ ಎಂಟನೇ ಕ್ಲಾಸೋ ಇರಬೇಕು. ಸ್ಟೀಲ್ ಕೊಡದಲ್ಲಿ ಮೀನು ತಂದಿದ್ದ. ಅದಕ್ಕೆ ಹೆಸರು ಬೇರೆ ಇಟ್ಟಿದ್ದ, ಬಸವ ಅಂತ. ಅಪ್ಪನಿಗೆ ವರ್ಗ ಆಗಿದೆ, ಹುಬ್ಬಳ್ಳಿಗೆ ಹೋಗುತ್ತಿದ್ದೇವೆ, ಏನು ಮಾಡಲಿ ಅಂಕಲ್ ಅಂದ. ನಾನು ಲೆಕ್ಕ ಬರೆಯುತ್ತಿದ್ದೆ, ತಲೆ ಕೂಡ ಎತ್ತಲಿಲ್ಲ. "ಯಾವುದಾದರೂ ಕೆರೆಗೆ ಬಿಡಪ್ಪ, ಪುಣ್ಯ ಬರುತ್ತೆ" ಅಂದೆ. ಅವನು ಸಮಾಧಾನದಿಂದ ಹೋದ. ಅದೇ ಮಾತನ್ನು ಹದಿನೆಂಟು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ.

ಕೆರೆಯಿಂದ ಕೋಡಿ, ಕೋಡಿಯಿಂದ ಹಳ್ಳ, ಹಳ್ಳದಿಂದ ಹೊಳೆ, ನಾಲೆ. ಮೀನಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಬಸವನ ಮೊಮ್ಮಕ್ಕಳೇ ನಿಮ್ಮ ಬಲೆಗೆ ಬಿದ್ದವು ಅಂತ ಹೇಳಲಾರೆ. ಆದರೆ ನಿಮ್ಮ ಬರಹ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಸ್ಟೀಲ್ ಕೊಡ.

ಲ್ಯಾಬ್ ಮೇಡಂ (ಮಂಡ್ಯ)

ಹಳೇ ಗಾಜಿನ ತೊಟ್ಟಿ ಸಾರ್ ಚೆನ್ನಾಗಿ ಹೇಳಿದ್ದಾರೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಒಂದೆರಡು ಮಾತು ಸೇರಿಸುತ್ತೇನೆ.

ಏರಿ ಕಾಯೋನು ಅವರೇ, ಮುಂದಿನ ಸಲ ಸಿಕ್ಕರೆ ಮೀನನ್ನು ಮಗುಚಿ ಹೊಟ್ಟೆಯ ಫೋಟೊ ತೆಗೆಯಿರಿ. ಬೆನ್ನು ನೋಡಿದರೆ ಎಲ್ಲವೂ ಒಂದೇ. ಹೊಟ್ಟೆಯ ಮೇಲೆ ಚುಕ್ಕಿಗಳು ಬಿಡಿಬಿಡಿಯಾಗಿದ್ದರೆ ಅದು ಪಾರ್ಡಾಲಿಸ್, ಚಿರತೆ ಚುಕ್ಕಿಯದು. ಇದಕ್ಕೆ 1855ರಲ್ಲಿ ಕ್ಯಾಸ್ಟೆಲ್ನೋ ಅನ್ನುವ ಫ್ರೆಂಚ್ ಪ್ರವಾಸಿ ಹೆಸರಿಟ್ಟ. ಚುಕ್ಕಿಗಳು ಒಂದಕ್ಕೊಂದು ಕೂಡಿ ಹುಳ ಹರಿದ ಹಾಗೆ ಅಂಕುಡೊಂಕು ಗೆರೆಯಾಗಿದ್ದರೆ ಅದು ಡಿಸ್‌ಜಂಕ್ಟಿವಸ್. ಅದರ ತವರು ಅಮೆಜಾನ್‌ಗೆ ಸೇರುವ ಮದೇರಾ ನದಿ. ಎರಡರ ನಡುವಿನ ಗುರುತಿನವೂ ಸಿಗುತ್ತವೆ, ಆಗ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ಗುರುತು, ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸಿ. ಈ ಗುಂಪಿನಲ್ಲಿ ಹತ್ತು ಅಥವಾ ಹೆಚ್ಚು ಇರುತ್ತವೆ. ನೋಡಲು ಹಾಗೇ ಇರುವ ಹತ್ತಿರದ ನೆಂಟರಲ್ಲಿ ಏಳರ ಆಸುಪಾಸು.

ತೂತಿನ ವಿಷಯಕ್ಕೆ ಬರೋಣ. ಹೌದು, ಇದರದ್ದೇ ಇರಬಹುದು. ಗಂಡು ಮೀನು ಜೇಡಿಮಣ್ಣಿನ ದಡದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಬಿಲ ತೋಡುತ್ತದೆ. ಕೆಳಮುಖವಾಗಿ ಒಂದು ಮೀಟರ್‌ವರೆಗೂ ಹೋಗಬಹುದು. ಹೆಣ್ಣು ಅಲ್ಲಿ ನೂರಾರು ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಆಗುವವರೆಗೆ ಗಂಡು ಬಾಗಿಲಲ್ಲಿ ಕಾವಲು. ಪಾಪ, ಒಳ್ಳೆ ಅಪ್ಪ! ಅಮೆಜಾನ್‌ನ ದಡದಲ್ಲಿ ನೂರು ಬಿಲ ಇದ್ದರೂ ನದಿ ಕೇಳುವುದಿಲ್ಲ. ಪ್ರತಿ ವರ್ಷ ಪ್ರವಾಹ ಬಂದು ದಡವನ್ನೇ ಹೊಸದಾಗಿ ಮಾಡುತ್ತದೆ. ಕೆರೆ ಏರಿ ಹಾಗಲ್ಲ. ಯಾರೋ ತಟ್ಟಿ ತಟ್ಟಿ ಕಟ್ಟಿದ ಮಣ್ಣು. ಬಿಲ ಒಂದಕ್ಕೊಂದು ಕೂಡಿದರೆ ಒಳಗಿಂದ ಕುಸಿಯುತ್ತದೆ.

ನಿಮ್ಮ ಮೀನಿನ ವಿಷಯದಲ್ಲಿ ಅರ್ಧ ಸಮಾಧಾನ. ಕಾಟ್ಲಾ, ರೋಹು ನಿಂತ ನೀರಿನ ಕೆರೆಯಲ್ಲಿ ಮೊಟ್ಟೆ ಇಡುವುದಿಲ್ಲ, ನೀವು ಮರಿ ತಂದೇ ಬಿಡಬೇಕು. ಜಿಲೇಬಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಮೊಟ್ಟೆ ತಿಂದು ನಿಮಗೆ ನಷ್ಟ ಮಾಡುವುದು ಕಡಿಮೆ. ನಷ್ಟ ಆಗುವುದು ಮೇವಿನಲ್ಲಿ ಮತ್ತು ಬಲೆಯಲ್ಲಿ. ಪಾಚಿ, ತಳದ ಕೊಳೆ ಎಲ್ಲ ಇದು ಕೆರೆದು ತಿನ್ನುತ್ತದೆ. ಮೆಕ್ಸಿಕೊದ ಇನ್ಫಿಯೆರ್ನಿಯೊ ಅನ್ನುವ ಜಲಾಶಯದಲ್ಲಿ ಇದೇ ಗುಂಪಿನ ಮೀನು ಸೇರಿಕೊಂಡು, ಜಿಲೇಬಿ ಜಾತಿಯ ಮೀನು ಹಿಡಿದು ಬದುಕುತ್ತಿದ್ದವರ ಬಲೆ ತುಂಬ ಬರೀ ಇದೇ ಬರತೊಡಗಿತ್ತು. ಅದೂ ಅಣೆಕಟ್ಟಿನ ನೀರೇ ಅನ್ನುವುದು ನೆನಪಿರಲಿ.

ನೈಟ್ ಶಿಫ್ಟ್

ಮೇಡಂ, ಇದು ಸರ್ಕಾರ ನಿಷೇಧ ಮಾಡಿದ ಆಫ್ರಿಕನ್ ಕ್ಯಾಟ್‌ಫಿಶ್ ಅಲ್ವಾ? ನಮ್ಮ ಕಡೆ ಕೆಲವರು ಕದ್ದು ಸಾಕುತ್ತಾರೆ.

ಲ್ಯಾಬ್ ಮೇಡಂ (ಮಂಡ್ಯ)

ಅಲ್ಲ. ಅದು ಬೇರೆಯೇ. ಅದಕ್ಕೆ ಚಿಪ್ಪು ಇಲ್ಲ, ಮೈ ನುಣ್ಣಗೆ, ಉದ್ದ ಮೀಸೆ, ಸಿಕ್ಕ ಮೀನನ್ನೆಲ್ಲ ತಿನ್ನುತ್ತದೆ. ಇದು ಸಾಧು. ಬರೀ ಕೆರೆಯುವುದು, ಅಗೆಯುವುದು.

ಏರಿ ಕಾಯೋನು (ಪಾಂಡವಪುರ ತಾಲ್ಲೂಕು)

ಸಾರ್, ಮೇಡಂ, ಇಬ್ಬರಿಗೂ ಥ್ಯಾಂಕ್ಸ್. ಭಾನುವಾರ ಮತ್ತೆ ಬಲೆ ಹಾಕಿದೆ. ನಾಲ್ಕು ಸಿಕ್ಕವು. ಮಗುಚಿ ನೋಡಿದೆ. ಮೂರರ ಹೊಟ್ಟೆಯಲ್ಲಿ ಚುಕ್ಕಿ ಬಿಡಿಬಿಡಿ. ಒಂದರಲ್ಲಿ ಅರ್ಧ ಚುಕ್ಕಿ, ಅರ್ಧ ಗೆರೆ, ಮಕ್ಕಳು ಹಾಕಿದ ರಂಗೋಲಿ ಹಾಗೆ. ಮೇಡಂ ಹೇಳಿದಂತೆ ತಲೆ ಕೆಡಿಸಿಕೊಂಡಿಲ್ಲ. ರೆಕ್ಕೆಯ ಕಡ್ಡಿ ಎಣಿಸಿದೆ, ಹನ್ನೆರಡು ಬಂತು. ನನ್ನ ಮಗಳು ಎಣಿಸಿದರೆ ಹದಿಮೂರು.

ಬಿಲದ ಒಳಗೆ ಬಿದಿರು ಕಡ್ಡಿ ಬಿಟ್ಟು ನೋಡಿದೆ. ಒಂದು ಬಿಲ ಎರಡೂವರೆ ಅಡಿ ಹೋಯಿತು. ಒಟ್ಟು ಹನ್ನೊಂದು ಬಿಲ, ಎಲ್ಲ ತೂಬಿನ ಎಡಗಡೆಯ ಜೇಡಿಮಣ್ಣಿನಲ್ಲೇ. ಬಲಗಡೆ ಕಲ್ಲು ಕಟ್ಟಿದ್ದಾರೆ, ಅಲ್ಲಿ ಒಂದೂ ಇಲ್ಲ. ನಮ್ಮಜ್ಜ ಆ ಕಲ್ಲು ಹೊರುವಾಗ ಕೂಲಿಗೆ ಹೋಗಿದ್ದರಂತೆ. ಇದ್ದಿದ್ದರೆ ತೋರಿಸಬಹುದಿತ್ತು.

ಈಗ ಏನು ಮಾಡಲಿ? ಹಿಡಿದದ್ದನ್ನು ವಾಪಸ್ ನಾಲೆಗೆ ಎಸೆಯಲು ಒಬ್ಬರು ಹೇಳಿದರು. ತಿನ್ನಬಹುದಾ?

ಹಳೇ ಗಾಜಿನ ತೊಟ್ಟಿ (ಮೈಸೂರು)

ತಮ್ಮಾ, ನಾಲೆಗೆ ಮಾತ್ರ ಬೇಡ. ನಾನು ಆ ಹುಡುಗನಿಗೆ ಹೇಳಿದ ಮಾತನ್ನೇ ಅವರು ನಿಮಗೆ ಹೇಳುತ್ತಿದ್ದಾರೆ.

ಸಿಕ್ಕಿದ್ದನ್ನು ಸಿಕ್ಕ ಹಾಗೆ ತೆಗೆಯಿರಿ. ದಡದಲ್ಲಿ ಬಿಸಿಲಿಗೆ ಎಸೆದು ಸಾಯಲಿ ಅಂತ ಬಿಡಬೇಡಿ. ಅದು ದಿನವೆಲ್ಲ ಒದ್ದಾಡುತ್ತದೆ, ಮಳೆ ಬಂದರೆ ತೆವಳಿಕೊಂಡು ನೀರಿಗೆ ಹೋದರೂ ಹೋಯಿತು. ತಲೆಗೆ ಒಂದೇ ಬಲವಾದ ಏಟು, ಅಷ್ಟೇ. ಬಲೆಯಿಂದ ಬಿಡಿಸುವಾಗ ಬಾಲದ ಕಡೆಗೆ ಎಳೆಯಬೇಡಿ. ಚಿಪ್ಪಿನ ಅಂಚೆಲ್ಲ ಹಿಂದಕ್ಕೆ ಬಾಗಿರುತ್ತದೆ. ತಲೆ ಮುಂದಾಗಿ ದೂಡಿದರೆ ಬಲೆ ಉಳಿಯುತ್ತದೆ. ಒದ್ದೆ ಗೋಣಿ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮುಳ್ಳು ಮಡಚುತ್ತದೆ.

ನೀರು ಪೂರ್ತಿ ಇಳಿದಾಗ ಬಿಲದಲ್ಲಿ ಕೈ ಹಾಕಬೇಡಿ, ಹಾವೂ ಇರಬಹುದು. ಗುದ್ದಲಿಯಲ್ಲಿ ತೆರೆದು, ಒಳಗಿದ್ದರೆ ತೆಗೆದು, ಜೇಡಿಮಣ್ಣು ತುಂಬಿ ಗಟ್ಟಿಯಾಗಿ ತಟ್ಟಿ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಕೊಡಿ, ಫೋಟೊ ಸಮೇತ. ಎಡಗಡೆಗೂ ಕಲ್ಲು ಕಟ್ಟಿಸಿ ಅಂತ ಪಂಚಾಯಿತಿಯಲ್ಲಿ ಕೇಳಿ. ಅದು ಯಾವಾಗ ಆಗುತ್ತದೋ ದೇವರಿಗೇ ಗೊತ್ತು, ಕೇಳುವುದಂತೂ ಕೇಳಿ.

ತಿನ್ನಬಹುದು. ಬ್ರೆಜಿಲ್‌ನಲ್ಲಿ ಇದಕ್ಕೆ ಅಕಾರಿ ಅಂತಲೋ ಬೊಡೊ ಅಂತಲೋ ಹೆಸರು. ಮನಾವ್ಸ್ ಕಡೆ ಚಿಪ್ಪಿನ ಸಮೇತ ಕೆಂಡದ ಮೇಲೆ ಸುಡುತ್ತಾರೆ, ನಾವು ಬದನೆಕಾಯಿ ಸುಟ್ಟ ಹಾಗೆ. ಆಮೇಲೆ ಚಿಪ್ಪು ಬಿಡಿಸಿ ಒಳಗಿನ ಮಾಂಸ ತಿನ್ನುತ್ತಾರೆ. ಮಾಂಸವನ್ನು ಒಣಗಿಸಿ ಪುಡಿ ಮಾಡಿ ಇಡುವುದೂ ಇದೆ. ಅದಕ್ಕೆ ಪಿರಾಕುಯಿ ಅನ್ನುತ್ತಾರೆ, ನಮ್ಮ ಚಟ್ನಿಪುಡಿ ತರಹ ಡಬ್ಬದಲ್ಲಿ ಇಟ್ಟುಕೊಳ್ಳುತ್ತಾರೆ. ಆದರೆ ಇದು ತಳದ ಕೊಳೆ ತಿನ್ನುವ ಮೀನು. ಊರಿನ ಚರಂಡಿ ನೀರು ಸೇರುವ ಕೆರೆಯದ್ದಾದರೆ ಬಾಯಿಗೆ ಇಡಬೇಡಿ. ಬರೀ ನಾಲೆ ನೀರಾದರೆ ನಿಮ್ಮಿಷ್ಟ.

ಏರಿ ಕಾಯೋನು (ಪಾಂಡವಪುರ ತಾಲ್ಲೂಕು)

ನಮ್ಮ ಕೆರೆಗೆ ಚರಂಡಿ ಸೇರುವುದಿಲ್ಲ ಸಾರ್, ಊರು ಕೆಳಗಿದೆ. ನಿನ್ನೆ ಧೈರ್ಯ ಮಾಡಿದೆವು. ಅಮ್ಮ ಒಲೆ ಕೊಡಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ತೆಂಗಿನ ಗರಿ ಉರಿ ಮಾಡಿದೆವು. ಚಿಪ್ಪು ಕರ್ರಗಾಗಿ ಬಿರಿಯಿತು. ಮಚ್ಚಿನ ಹಿಂಬದಿಯಿಂದ ತಟ್ಟಿ ಬಿಡಿಸಿದೆ. ಒಂದೂವರೆ ಕೆಜಿ ಮೀನಿನಲ್ಲಿ ಮಾಂಸ ಒಂದು ಬೊಗಸೆಯೂ ಇಲ್ಲ, ತಲೆ ಮತ್ತು ಹೆಂಚೇ ಎಲ್ಲ. ಸಣ್ಣ ಮುಳ್ಳಿಲ್ಲ, ರುಚಿ ಏಡಿಗೆ ಹತ್ತಿರ. ಮಗಳು ಮುದ್ದೆ ಜೊತೆ ತಿಂದಳು. ಅಮ್ಮ ದೂರದಲ್ಲಿ ಕೂತು "ಉಪ್ಪು ಸರಿ ಇದೆಯಾ?" ಅಂತ ಮಾತ್ರ ಕೇಳಿದರು.

ಮಾರಿ ಬಲೆಯ ಖರ್ಚು ಎತ್ತುತ್ತೇನೆ ಅನ್ನುವ ಆಸೆ ಹೋಯಿತು. ನಾಳೆ ಬಿಲ ಮುಚ್ಚಲು ಇಬ್ಬರು ಆಳಿಗೆ ಹೇಳಿದ್ದೇನೆ.

ಮಳೆ ಹುಡುಗಿ (ಮೈಸೂರು)

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಇದೇ ಮೀನು ಇದೆ, ಹದಿನಾಲ್ಕು ಇಂಚು. ತೊಟ್ಟಿ ಎರಡೂವರೆ ಅಡಿ. ಅದಕ್ಕೆ ತಿರುಗಲೂ ಆಗುವುದಿಲ್ಲ. ಮುಂದಿನ ತಿಂಗಳು ನಾವು ಬೆಂಗಳೂರಿಗೆ ಹೋಗುತ್ತಿದ್ದೇವೆ. ಈ ವಾರ ಲಿಂಗಾಂಬುಧಿ ಕೆರೆಗೆ ಬಿಡೋಣ ಅಂತ ಅಪ್ಪ ಹೇಳಿದ್ದರು. ನಿನ್ನೆ ರಾತ್ರಿ ಇದನ್ನೆಲ್ಲ ಓದಿದೆ. ಸಾಯಿಸಲು ನನ್ನ ಕೈಲಿ ಆಗುವುದಿಲ್ಲ. ಏನು ಮಾಡಲಿ?

ಹಳೇ ಗಾಜಿನ ತೊಟ್ಟಿ (ಮೈಸೂರು)

ಮಗಳೇ, ವಿಳಾಸವನ್ನು ನನಗೊಬ್ಬನಿಗೇ ಕಳಿಸು, ಇಲ್ಲಿ ಎಲ್ಲರ ಮುಂದೆ ಹಾಕಬೇಡ. ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ. ನಮ್ಮ ಹಿತ್ತಲಲ್ಲಿ ಹಳೇ ಸಿಮೆಂಟ್ ತೊಟ್ಟಿ ಇದೆ, ಆರಡಿ ಉದ್ದ, ಮೇಲೆ ಜಾಲರಿ ಹಾಕಿಸಿದ್ದೇನೆ. ಈಗಾಗಲೇ ಮೂರು ಇವೆ.

ಅದಕ್ಕೆ ಹೆಸರು ಇಟ್ಟಿದ್ದರೆ ಅದನ್ನೂ ಹೇಳು.